ಸತ್ತವರು ಎದ್ದು ಬರುವ ಯುದ್ಧ

ಮೇಜಿನ ಮೇಲೆ ಹಸಿರು ಬಟ್ಟೆ. ನಡುವೆ ಕೆಂಪು ಕೋಟಿನ ಪುಟ್ಟ ಬ್ರಿಟಿಷ್ ಸಿಪಾಯಿಗಳು, ಸುತ್ತಲೂ ಗುರಾಣಿ ಹಿಡಿದ, ದಕ್ಷಿಣ ಆಫ್ರಿಕಾದ ಜುಲು ಯೋಧರು. ದಾಳ ಉರುಳುತ್ತದೆ, ಜುಲುಗಳ ಒಂದು ತಂಡ ಪೂರ್ತಿ ಸಾಯುತ್ತದೆ. ಆಡುವವರು ಆ ಗೊಂಬೆಗಳನ್ನು ಬಾಚಿಕೊಂಡು ಮೇಜಿನ ಅಂಚಿನಲ್ಲಿ ಮತ್ತೆ ನಿಲ್ಲಿಸುತ್ತಾರೆ. ಮುಂದಿನ ಸುತ್ತಿಗೆ ಅವರೇ ಹೊಸ ದಂಡು! ಕೆಂಪು ಕೋಟಿನವನಿಗೆ ಮಾತ್ರ ಒಂದೇ ಜೀವ.

ವಸಾಹತು ಕಾಲದ ಯುದ್ಧಗಳನ್ನು ಗೊಂಬೆಯಿಟ್ಟು ಆಡುವ ಮೇಜಿನಾಟಗಳಲ್ಲಿ ಇದು ಹಳೇ ಉಪಾಯ. ಇಂಥದ್ದೊಂದು ನಿಯಮ ಯಾಕೆ ಬೇಕಾಯಿತು?

ಈ ಆಟಗಳ ಬೇರು ನಮ್ಮ ಚದುರಂಗದಲ್ಲೇ ಇದೆ. 1780ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್‌ನ ಹೆಲ್‌ವಿಗ್ ಎಂಬ ಮೇಷ್ಟ್ರು ಚದುರಂಗದ ಹಾಸನ್ನು ಸಾವಿರಕ್ಕೂ ಜಾಸ್ತಿ ಮನೆಗಳಿಗೆ ಹಿಗ್ಗಿಸಿ, ನದಿ, ಬೆಟ್ಟಗಳಿಗೆ ಒಂದೊಂದು ಬಣ್ಣ ಕೊಟ್ಟರು. 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಸ್ ಮನೆಗಳನ್ನೇ ತೆಗೆದು ನಿಜವಾದ ನಕಾಶೆ, ದಾಳ ಮತ್ತು ಒಬ್ಬ ತೀರ್ಪುಗಾರನನ್ನು ತಂದರು. ಎಲ್ಲ ಬದಲಾದರೂ ಚದುರಂಗದ ಒಂದು ಗುಣ ಉಳಿಯಿತು. ಎರಡೂ ಕಡೆಯವರು ಹೆಚ್ಚುಕಮ್ಮಿ ಸಮ.

ಗೊಂಬೆಗಳ ಕತೆಯೇ ಬೇರೆ. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ ಟೊಳ್ಳು ಎರಕದ ಸೀಸದ ಸಿಪಾಯಿಗಳನ್ನು ಮಾರಲು ಶುರು ಮಾಡಿತು. ಕರಗಿದ ಲೋಹವನ್ನು ಅಚ್ಚಿಗೆ ಸುರಿದು, ಹೊರಗಿನ ಪದರ ಗಟ್ಟಿಯಾದ ತಕ್ಷಣ ಉಳಿದದ್ದನ್ನು ಚೆಲ್ಲಿಬಿಡುವುದು. ಸೀಸ ಉಳಿಯಿತು, ಬೆಲೆ ಇಳಿಯಿತು, ಮಧ್ಯಮ ವರ್ಗದ ಮನೆಯ ಹುಡುಗರ ಕೈಗೆ ಇಡೀ ಸಾಮ್ರಾಜ್ಯದ ಸೈನ್ಯ ಬಂತು. 1913ರಲ್ಲಿ ಸಾಹಿತಿ ಎಚ್.ಜಿ. ವೆಲ್ಸ್ ಇಂಥ ಗೊಂಬೆಗಳಿಗೇ ನಿಯಮ ಬರೆದರು. ಅವರ ಆಟದಲ್ಲಿ ದಾಳವಿಲ್ಲ, ಸ್ಪ್ರಿಂಗ್ ಫಿರಂಗಿಯಿಂದ ನಿಜವಾಗಿಯೂ ಗುರಿಯಿಟ್ಟು ಬೀಳಿಸಬೇಕು. ಅಲ್ಲೂ ಎರಡು ಕಡೆಯೂ ಸಮವೇ.

ವಸಾಹತು ಯುದ್ಧಕ್ಕೆ ಈ ಲೆಕ್ಕ ಹೊಂದುವುದಿಲ್ಲ. 1879ರ ಜನವರಿ 22ರಂದು ಇಸಾಂಡ್ಲ್‌ವಾನಾದಲ್ಲಿ ಸುಮಾರು 20,000 ಜುಲುಗಳು ಬ್ರಿಟಿಷ್ ಶಿಬಿರವನ್ನು ಅಳಿಸಿಹಾಕಿದರು. ಅದೇ ದಿನ ರೋರ್ಕ್ಸ್ ಡ್ರಿಫ್ಟ್‌ನಲ್ಲಿ ಬ್ರಿಟಿಷರ ಕಡೆಯ ಸುಮಾರು 150 ಜನ ಮೂರು ಸಾವಿರಕ್ಕೂ ಹೆಚ್ಚು ಜುಲುಗಳನ್ನು ತಡೆದು ನಿಂತರು. ಒಂದು ಗೊಂಬೆಗೆ 20 ಜನ ಅಂತ ಹಿಡಿದರೂ ಇಸಾಂಡ್ಲ್‌ವಾನಾಗೆ ಸಾವಿರ ಜುಲು ಗೊಂಬೆ ಬೇಕು. ಅಷ್ಟಕ್ಕೂ ಬಣ್ಣ ಹಚ್ಚುವವರು ಯಾರು? ಅದಕ್ಕೇ ಸತ್ತವರನ್ನು ಮತ್ತೆ ಎಬ್ಬಿಸುವುದು.

1979ರಲ್ಲಿ, ಆ ಯುದ್ಧಕ್ಕೆ ನೂರು ತುಂಬಿದ ವರ್ಷವೇ, ಅಮೆರಿಕದ ಲ್ಯಾರಿ ಬ್ರಾಮ್ ಅವರ ವಸಾಹತು ನಿಯಮಗಳು ಬಂದವು. ಮುಂದಿನ ಸರದಿ ಯಾರದು ಎನ್ನುವುದನ್ನು ಇಸ್ಪೀಟು ಎಲೆ ಹೇಳುತ್ತದೆ. ಎಷ್ಟು ದೂರ ನಡೆಯಬಹುದು ಎನ್ನುವುದನ್ನು ದಾಳ ಹೇಳುತ್ತದೆ. ಕವಾಯತು ಕಲಿತ ಸೈನ್ಯವೂ ಅಂದುಕೊಂಡ ಹೊತ್ತಿಗೆ ಅಂದುಕೊಂಡ ಜಾಗ ಸೇರಲಾರದು. ನನ್ನ ಪ್ರಕಾರ ವಸಾಹತು ಆಟಕ್ಕೆ ಸಿಕ್ಕ ಒಳ್ಳೇ ಮದ್ದು ಇದು. ಆ ಮರುಜೀವದ ನಿಯಮದ ಬಗ್ಗೆ ಮಾತ್ರ ನನಗೆ ತಕರಾರಿದೆ. ಕೈಕೆಲಸ ಉಳಿಸಲು ಬಂದದ್ದು ನಿಜ, ಆದರೆ ಆಡುತ್ತಾ ಆಡುತ್ತಾ ಒಂದು ಕಡೆಯ ಸಾವಿಗೆ ಲೆಕ್ಕವೇ ಇಲ್ಲ ಎನ್ನುವುದು ರೂಢಿಯಾಗಿಬಿಡುತ್ತದೆ, ಅಲ್ವಾ?

ಅಚ್ಚು ಕೂಡ ಇದಕ್ಕೆ ಕುಮ್ಮಕ್ಕು ಕೊಟ್ಟಿತು. ಶಿಲ್ಪಿ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವ ಪುಟ್ಟಿಯಲ್ಲಿ 28 ಮಿಲಿಮೀಟರ್ ಎತ್ತರದ ಮೂಲ ಗೊಂಬೆ ಮಾಡುತ್ತಾನೆ. ಅದನ್ನು ರಬ್ಬರಿನ ಎರಡು ಬಿಲ್ಲೆಗಳ ನಡುವೆ ಒತ್ತಿ ಬೇಯಿಸಿದರೆ ಅಚ್ಚು ಸಿದ್ಧ. ಅಚ್ಚನ್ನು ಗಿರಗಿರ ತಿರುಗಿಸುತ್ತಾ ನಡುವಿನ ತೂತಿಗೆ ಲೋಹ ಸುರಿಯುತ್ತಾರೆ. ಕೈ ಮೈಯಿಂದ ದೂರ ಚಾಚಿದ್ದರೆ ಗೊಂಬೆ ಬಿಡಿಸುವಾಗ ರಬ್ಬರ್ ಹರಿಯುತ್ತದೆ. ಹೊಸ ಭಂಗಿಯೆಂದರೆ ಹೊಸ ಖರ್ಚು. ಆ ಖರ್ಚು ಕನ್ನಡಕದ ಅಧಿಕಾರಿಗೋ ಕಹಳೆ ಊದುವ ಹುಡುಗನಿಗೋ ಸುಲಭವಾಗಿ ಸಿಗುತ್ತದೆ. ಗುಂಪಿನಲ್ಲಿ ಬರುವವರಿಗೆ ನಾಲ್ಕೈದು ಭಂಗಿ ಸಾಕು ಅನ್ನಿಸುತ್ತದೆ. ಈಗ ಕಂಪ್ಯೂಟರಿನಲ್ಲಿ ಕೆತ್ತಿ ರಾಳದಲ್ಲಿ ಪ್ರಿಂಟ್ ಮಾಡುವವರಿಗೆ ಆ ನೆಪವೂ ಉಳಿದಿಲ್ಲ.

ಮೈಸೂರಿನ ಯುದ್ಧಗಳನ್ನು ಮೇಜಿಗೆ ತಂದರೆ ತಕ್ಕಡಿಯೇ ಬೇರೆ. ಹೆಲ್‌ವಿಗ್ ಮೇಷ್ಟ್ರ ಆಟ ಅಚ್ಚಾದ ಅದೇ 1780ರ ಸೆಪ್ಟೆಂಬರ್‌ನಲ್ಲಿ ಕಂಚಿಯ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ಪಡೆಯನ್ನು ಮುಗಿಸಿದರು. ಇಲ್ಲಿ ಬಂದೂಕು, ಫಿರಂಗಿ ಎರಡೂ ಕಡೆ ಇದ್ದವು, ರಾಕೆಟ್ ಮೈಸೂರಿನ ಕಡೆ. ಸತ್ತವರನ್ನು ಎಬ್ಬಿಸುವ ಗೊಡವೆಯೇ ಬೇಡ. ಗೊಂಬೆಗೆ ಬಣ್ಣ ಹಚ್ಚುವವರು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿರುವ ಈ ಯುದ್ಧದ ಚಿತ್ರದ ಮುಂದೆ ಒಂದು ಗಂಟೆ ನಿಲ್ಲಬೇಕು. ಪಲ್ಲಕ್ಕಿಯಲ್ಲಿ ಕೂತ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಎಲ್ಲ ಆ ಚಿತ್ರದಲ್ಲೇ ಇದೆ. ಟಿಪ್ಪುವಿನ ಸಿಪಾಯಿಯ ಹುಲಿಪಟ್ಟೆ ಅಂಗಿಯನ್ನು ಕಿರುಬೆರಳ ಉಗುರಿನಷ್ಟು ಎದೆಯ ಮೇಲೆ ಬರೆಯುವುದು ಮಾತ್ರ ಕಣ್ಣಿಗೆ ಶಿಕ್ಷೆ.

ರಾಕೆಟ್ಟಿಗೆ ನಿಯಮ ಬರೆಯುವುದು ಮಜಾ. ಅದು ಗುರಿಯಿಟ್ಟಲ್ಲಿಗೇ ಹೋಗುವ ಅಸ್ತ್ರವಲ್ಲ, ಕುದುರೆಗಳನ್ನು ಬೆದರಿಸಿ ಸಾಲು ಮುರಿಯುವಂಥದ್ದು. ನಾನಾದರೆ ದೂರಕ್ಕೊಂದು ದಾಳ, ದಿಕ್ಕಿಗೊಂದು ದಾಳ ಇಡುತ್ತೇನೆ. ದಿಕ್ಕಿನ ದಾಳದಲ್ಲಿ ಒಂದು ಬಿದ್ದರೆ ಹಾರಿಸಿದವರ ಕಡೆಗೇ ತಿರುಗಲಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯಲ್ಲಿ ಸಾವಿರದಷ್ಟು ರಾಕೆಟ್‌ಗಳು ಸಿಕ್ಕಿದವಲ್ಲ, ಆ ಕಬ್ಬಿಣದ ಕೊಳವೆಗಳ ಉದ್ದ ಸುಮಾರು ಒಂದು ಗೇಣು. ಗೊಂಬೆಯ ಅಳತೆಗೆ ಹೊಂದುವಂತೆ ಅರವತ್ತು ಪಾಲು ಚಿಕ್ಕದು ಮಾಡಿದರೆ ಎಳ್ಳಿಗಿಂತ ದೊಡ್ಡದು, ಅಕ್ಕಿಕಾಳಿಗಿಂತ ಸಣ್ಣದು. ಬಿದಿರಿನ ಬಾಲಕ್ಕೆ ಒಂದು ಗುಂಡುಸೂಜಿ ಸಾಕು.