ಭಾರವನ್ನು ಅಂಚಿಗೆ ಸರಿಸಿದ ಗೋಪುರ

ನ್ಯೂಯಾರ್ಕಿನ ಆರನೇ ಅವೆನ್ಯೂದಲ್ಲಿ, 52 ಮತ್ತು 53ನೇ ಬೀದಿಗಳ ನಡುವೆ, ಸಿಬಿಎಸ್ ಪ್ರಸಾರ ಸಂಸ್ಥೆ ತನ್ನ ಕೇಂದ್ರ ಕಚೇರಿಗೆಂದು ಕಟ್ಟಿಸಿದ 38 ಅಂತಸ್ತುಗಳ ಗೋಪುರವಿದೆ. ಕಡು ಬೂದುಬಣ್ಣದ ಗ್ರಾನೈಟ್ ಹೊದ್ದ ಈ ಕಟ್ಟಡಕ್ಕೆ ‘ಬ್ಲ್ಯಾಕ್ ರಾಕ್’ ಎಂಬ ಅಡ್ಡಹೆಸರು ಅಂಟಿಕೊಂಡಿದೆ. ಫಿನ್ಲೆಂಡ್ ಮೂಲದ ವಾಸ್ತುಶಿಲ್ಪಿ ಈರೋ ಸಾರಿನೆನ್ ರೂಪಿಸಿದ ಏಕೈಕ ಗಗನಚುಂಬಿ ಇದು. 1961ರಲ್ಲಿ ಅವರು ತೀರಿಕೊಂಡ ಮೇಲೆ ಸಹೋದ್ಯೋಗಿಗಳಾದ ಕೆವಿನ್ ರೋಚ್ ಮತ್ತು ಜಾನ್ ಡಿಂಕೆಲೂ ಕೆಲಸವನ್ನು ಮುಂದುವರಿಸಿ, 1965ರ ಹೊತ್ತಿಗೆ ಮುಗಿಸಿದರು.

ಅಂದಿನ ಗೋಪುರಗಳಲ್ಲಿ ಹೆಚ್ಚಿನವು ಉಕ್ಕಿನ ಅಸ್ಥಿಪಂಜರಕ್ಕೆ ಗಾಜಿನ ತೆರೆ ತೂಗುಹಾಕಿದಂಥವು. ಅವುಗಳ ಹೊರಮೈ ಕಟ್ಟಡದ ತೂಕವನ್ನು ಹೊರುತ್ತಿರಲಿಲ್ಲ. ಸಾರಿನೆನ್ ಮತ್ತು ಎಂಜಿನಿಯರ್ ಪಾಲ್ ವೈಡ್ಲಿಂಗರ್ ಬೇರೆ ದಾರಿ ಹಿಡಿದು ಬಲವರ್ಧಿತ ಕಾಂಕ್ರೀಟನ್ನು ಆರಿಸಿಕೊಂಡರು. ಲಿಫ್ಟು, ಮೆಟ್ಟಿಲುಗಳನ್ನು ಒಳಗೊಂಡ ನಡುವಿನ ಗಟ್ಟಿ ತಿರುಳು ಒಂದಷ್ಟು ಭಾರವನ್ನು ಹೊತ್ತರೆ, ಉಳಿದದ್ದು ಅಂಚಿನ ಕಂಬಗಳ ಸಾಲಿಗೆ ಸೇರುತ್ತದೆ. ಇವೆರಡರ ನಡುವಿನ ಸುಮಾರು 35 ಅಡಿ ಅಗಲದ ಜಾಗದಲ್ಲಿ ಒಂದೇ ಒಂದು ಕಂಬವಿಲ್ಲ.

ಕಂಬಗಳು ಅಂಚಿನಲ್ಲಿರುವುದರಿಂದ ಇನ್ನೊಂದು ದೊಡ್ಡ ಲಾಭವಿದೆ. ಸುಮಾರು 150 ಮೀಟರ್ ಎತ್ತರದ ಗೋಪುರವನ್ನು ಗಾಳಿ ತಳ್ಳಿದಾಗ ಅದು ಬುಡದಲ್ಲಿ ಬಿಗಿದ ಕೋಲಿನಂತೆ ಬಾಗಲು ನೋಡುತ್ತದೆ; ಗಾಳಿಗೆ ಎದುರಾದ ಬದಿ ಹಿಗ್ಗಲು, ಹಿಂಬದಿ ಕುಗ್ಗಲು ಹವಣಿಸುತ್ತವೆ. ಈ ಬಾಗುವಿಕೆಯನ್ನು ತಡೆಯುವಲ್ಲಿ ವಸ್ತುವಿನ ಪ್ರಮಾಣಕ್ಕಿಂತ ಅದು ಇರುವ ಜಾಗವೇ ಮುಖ್ಯ. ಕಂಬಗಳು ಪರಸ್ಪರ ಬಿಗಿಯಾಗಿ ಬೆಸೆದುಕೊಂಡಿದ್ದರೆ, ನಡು ರೇಖೆಯಿಂದ ಎರಡು ಪಟ್ಟು ದೂರ ಸರಿಸಿದ ಕಂಬದ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ. ಢಾಕಾದಲ್ಲಿ ಹುಟ್ಟಿದ ಎಂಜಿನಿಯರ್ ಫಜ್ಲುರ್ ಖಾನ್ ಅದೇ ವರ್ಷಗಳಲ್ಲಿ ಷಿಕಾಗೋದಲ್ಲಿ ಈ ತತ್ತ್ವವನ್ನು ಇನ್ನೂ ಮುಂದಕ್ಕೆ ಒಯ್ದು, ಇಡೀ ಕಟ್ಟಡವೇ ಕೊಳವೆಯಂತೆ ವರ್ತಿಸುವ ವಿನ್ಯಾಸಗಳನ್ನು ರೂಪಿಸಿದರು. ಅವರ ಹೆಸರು ನಮ್ಮ ಓದುಗರಿಗೆ ಇನ್ನಷ್ಟು ಪರಿಚಯವಾಗಬೇಕು.

ನನಗೆ ಅತ್ಯಂತ ಜಾಣತನದ್ದೆನಿಸುವುದು ಇಲ್ಲಿನ ಕಂಬದ ಆಕಾರ. ಐದಡಿ ಅಗಲದ ಕಂಬ, ಐದಡಿ ಅಗಲದ ಕಿಟಕಿ, ಮತ್ತೆ ಕಂಬ: ಹೀಗೆ ಸಾಲು ಸಾಗುತ್ತದೆ. ತ್ರಿಕೋನಾಕಾರದ ಪ್ರತಿ ಕಂಬವೂ ತನ್ನ ಚೂಪನ್ನು ಹೊರಗೆ ಚಾಚಿ ನಿಂತಿದೆ. ಕಾಂಕ್ರೀಟು ಇಳಿಜಾರು ಮುಖಗಳಲ್ಲಿದ್ದು ಒಳಭಾಗ ಟೊಳ್ಳಾಗಿರುವುದರಿಂದ, ಹವಾನಿಯಂತ್ರಣದ ನಾಳಗಳು ಆ ಪೊಳ್ಳಿನೊಳಗೇ ಅಂತಸ್ತಿನಿಂದ ಅಂತಸ್ತಿಗೆ ಸಾಗುತ್ತವೆ. ನೇರ ಎದುರಿನಿಂದ ನೋಡಿದರೆ ಗೋಡೆಯ ಅರ್ಧದಷ್ಟು ಗಾಜು ಕಾಣುತ್ತದೆ; ಪಕ್ಕಕ್ಕೆ ನಡೆಯುತ್ತ ಹೋದಂತೆ ಚಾಚಿದ ಮುಖಗಳು ಒಂದನ್ನೊಂದು ಮರೆಮಾಡಿ, ಕೊನೆಗೆ ಗಾಜೇ ಇಲ್ಲದ, ಮಡಿಕೆ ಮಡಿಕೆಯಾದ ಕಲ್ಲಿನ ಗೋಡೆಯಷ್ಟೇ ಉಳಿಯುತ್ತದೆ. ಓರೆಯಾಗಿ ಬೀಳುವ ಬಿಸಿಲನ್ನು ತಡೆಯುವುದೂ ಇದೇ ಮುಖಗಳು.

ಒಳಾಂಗಣದ ಹೊಣೆ ಹೊತ್ತಿದ್ದ ಸಿಬಿಎಸ್ ಅಧ್ಯಕ್ಷ ಫ್ರಾಂಕ್ ಸ್ಟಾಂಟನ್ ಅಷ್ಟೇ ಹಟವಾದಿ. ಅವರ ಮೇಲ್ವಿಚಾರಣೆಯಲ್ಲಿ ಕಲಾನಿರ್ದೇಶಕ ಲೂ ಡಾರ್ಫ್ಸ್‌ಮನ್ ಗೋಡೆ ಗಡಿಯಾರಗಳ ಅಂಕಿಗಳನ್ನೂ ಸಂಸ್ಥೆಯ ಅಕ್ಷರಶೈಲಿಗೆ ಬದಲಿಸಿದರು.

ನಗರವು 1997ರಲ್ಲಿ ಈ ಗೋಪುರವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿದ್ದರಿಂದ ಅದರ ಹೊರರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. 2021ರಲ್ಲಿ ಕಟ್ಟಡವನ್ನು 76 ಕೋಟಿ ಡಾಲರಿಗೆ ಮಾರುವ ಒಪ್ಪಂದವಾಯಿತು. ಒಳಗೆ ಕಂಬಗಳೇ ಇಲ್ಲದ ಕಾರಣ, ಹೊಸ ಬಾಡಿಗೆದಾರರು ಭಾರ ಹೊರುವ ಯಾವ ಭಾಗವನ್ನೂ ಮುಟ್ಟದೆ ತಮಗೆ ಬೇಕಾದಲ್ಲಿ ಗೋಡೆ ಎಬ್ಬಿಸಿಕೊಳ್ಳಬಹುದು.