ಓದುಗರ ಪ್ರಶ್ನೆ: ಮ್ಯೂಸಿಕ್ ಮ್ಯಾಗಜೀನ್ ಫೀಚರ್ ಅನಲೈಸ್ ಮಾಡಿ ಅಂದ್ರೆ ಏನ್ ಬರೀಬೇಕು?

ಹಾಸನದಲ್ಲಿ ಜರ್ನಲಿಸಂ ಓದ್ತಿರೋರೊಬ್ರು ಕೇಳಿದಾರೆ: "ಮ್ಯೂಸಿಕ್ ಮ್ಯಾಗಜೀನ್‌ನ ಎರಡು ಪುಟದ ಫೀಚರ್ ಡಿಸೈನ್ ಅನಲೈಸ್ ಮಾಡೋಕೆ ಅಸೈನ್‌ಮೆಂಟ್ ಇತ್ತು. ಎಡಗಡೆ ಫುಲ್ ಪೇಜ್ ಫೋಟೋ, ಬಲಗಡೆ ಮೂರು ಕಾಲಂ, ಹೆಡ್ಡಿಂಗ್ ಕೆಂಪು ಅಂತ ಬರೆದೆ. ಇದು ಬರೀ ವರ್ಣನೆ ಅಂತ ವಾಪಸ್ ಬಂತು. ಇನ್ನೇನ್ ಬರೀಬೇಕು?"

ನೀವು ನೋಡಿರೋದೆಲ್ಲ ಸರಿ ಇದೆ, ಯಾಕೆ ಅನ್ನೋದೊಂದು ಬಿಟ್ಟೋಗಿದೆ. ನಾನು ಇಲ್ಲೇ ಹಾಸನದಲ್ಲಿ ಪೇಜ್ ಲೇಔಟ್ ಮಾಡೋನು, ನನಗೆ ಗೊತ್ತಿರೋ ದಾರಿ ಒಂದೇ: ಪುಟ ತೆಗೆದ ತಕ್ಷಣ ಕಣ್ಣು ಮೊದ್ಲು ಎಲ್ಲಿಗೆ ಹೋಯ್ತು, ಅಲ್ಲಿಂದ ಎಲ್ಲಿಗೆ, ಹಾಗೆ ಕರ್ಕೊಂಡು ಹೋಗಿದ್ದು ಯಾವುದು, ಅದನ್ನ ಬರೀರಿ.

ಪುಟ ತಿರುವ್ತಾ ಇರೋ ಕೈನ ನಿಲ್ಸೋಕೇ ಆ ದೊಡ್ಡ ಫೋಟೋ. ಗಾಯಕ ನೇರ ಕ್ಯಾಮೆರಾ ನೋಡ್ತಿದ್ರೆ ನಿಮ್ ಜೊತೆನೇ ಮಾತಾಡೋಕೆ ಕೂತಂಗೆ, ಪಕ್ಕಕ್ಕೆ ನೋಡ್ತಿದ್ರೆ ಸಾಮಾನ್ಯವಾಗಿ ಬರಹ ಇರೋ ಕಡೆಗೇ ಮುಖ ಇರತ್ತೆ, ಯಾಕಂದ್ರೆ ಅವರು ನೋಡಿದ ಕಡೆ ನಾವೂ ನೋಡ್ತೀವಿ. ಆಮೇಲೆ ಹೆಡ್ಡಿಂಗ್, ಅದರ ಕೆಳಗೆ ದಪ್ಪಕ್ಷರದಲ್ಲಿ ಎರಡ್ಮೂರು ಸಾಲಿನ ಇಂಟ್ರೋ, ಯಾರು, ಈಗ್ಯಾಕೆ ಅನ್ನೋದು ಅಲ್ಲಿ ಮುಗೀಬೇಕು. ಹೆಡ್ಡಿಂಗ್ ಕೆಂಪು ಅಂದ್ರಲ್ಲ, ಫೋಟೋ ಇನ್ನೊಂದ್ಸಲ ನೋಡಿ, ಶರ್ಟಲ್ಲೋ ಸ್ಟೇಜ್ ಲೈಟಲ್ಲೋ ಅದೇ ಕೆಂಪು ಇದ್ರೂ ಇರಬಹುದು, ಎರಡು ಪುಟ ಒಂದೇ ಅನ್ನಿಸೋದು ಹಾಗೆ. ಮಧ್ಯ ದೊಡ್ಡದಾಗಿ ಎತ್ತಿ ಹಾಕಿರೋ ಮಾತು, ಪುಲ್ ಕೋಟ್, ಬರೀ ಕಣ್ಣಾಡಿಸ್ತಿರೋರನ್ನ ಒಳಗೆ ಎಳೆಯೋಕೆ.

ಓದುಗರು ಯಾರು ಅನ್ನೋದ್ರ ಮೇಲೂ ಡಿಸೈನ್ ಬದಲಾಗತ್ತೆ. 1981ರಲ್ಲಿ ಶುರುವಾದ ಬ್ರಿಟನ್ನಿನ ಕೆರಾಂಗ್, ಹೆವಿ ಮೆಟಲ್ ಅನ್ನೋ ಅಬ್ಬರದ ರಾಕ್ ಸಂಗೀತ ಕೇಳೋ ಹುಡುಗರ ಪತ್ರಿಕೆ, ಅಲ್ಲಿ ಒರಟು ಅಕ್ಷರ, ತುಂಬಿ ತುಳುಕೋ ಪುಟ. 1993ರಲ್ಲಿ ಅಲ್ಲೇ ಶುರುವಾದ ಮೋಜೋ ಪತ್ರಿಕೆ ಹಳೇ ರಾಕ್ ಪ್ರೀತಿಸೋರಿಗೆ, ಅಲ್ಲಿ ಹಳೇ ಫೋಟೋ, ಉದ್ದುದ್ದ ಲೇಖನ. ಅಮೆರಿಕದ ರೇ ಗನ್ ಅನ್ನೋ ಮ್ಯೂಸಿಕ್ ಪತ್ರಿಕೆಯ ಡಿಸೈನರ್ ಡೇವಿಡ್ ಕಾರ್ಸನ್ ಅಂತೂ 1994ರಲ್ಲಿ ಗಾಯಕ ಬ್ರಯಾನ್ ಫೆರ್ರಿ ಸಂದರ್ಶನ ಬೋರಾಗಿದೆ ಅಂತ ಇಡೀ ಬರಹನೇ ಡಿಂಗ್‌ಬ್ಯಾಟ್ಸ್ ಫಾಂಟಲ್ಲಿ, ಅಂದ್ರೆ ಅಕ್ಷರದ ಬದ್ಲು ಬರೀ ಚಿಹ್ನೆಗಳಲ್ಲಿ ಹಾಕಿಬಿಟ್ರು. ನನಗದು ಒಪ್ಪಿಗೆ ಆಗಲ್ಲ, ಓದೋಕೆ ಬಂದೋರಿಗೆ ಓದೋಕೆ ಸಿಗಬೇಕು.

ಇದನ್ನೆಲ್ಲ ಕನ್ನಡಕ್ಕೆ ತರುವಾಗ ತೊಡಕು ಇರೋದು ಅಕ್ಷರದಲ್ಲಿ. ನಮ್ಮಲ್ಲಿ ಕ್ಯಾಪಿಟಲ್ ಲೆಟರ್ ಇಲ್ಲ, ಸೈಜು, ದಪ್ಪ, ಬಣ್ಣ ಇಷ್ಟರಲ್ಲೇ ಆಟ. ನಮ್ಮ ಅರಕಲಗೂಡು ತಾಲೂಕಿನ ರುದ್ರಪಟ್ಟಣದ ಬಗ್ಗೆ ಫೀಚರ್ ಮಾಡ್ತೀರಿ ಅಂದ್ಕೊಳ್ಳಿ, 1920ರಲ್ಲಿ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ಮೊದಲ ಪದ ಶ್ರೀಕಂಠನ್ ಅಂತ ಇಟ್ಟು ಡ್ರಾಪ್ ಕ್ಯಾಪ್, ಅಂದ್ರೆ ಲೇಖನದ ಮೊದಲ ಅಕ್ಷರನ ದೊಡ್ಡದು ಮಾಡೋದು, ಮೂರು ಸಾಲಿನೆತ್ತರ ಕೊಟ್ರೆ, ಶ್ರೀ ಕೆಳಗಿನ ಒತ್ತು ನಾಲ್ಕನೇ ಸಾಲಿನ ತಲೆ ಮೇಲೆ ಕೂರತ್ತೆ. ರುದ್ರಪಟ್ಟಣ ಅಂತ ಶುರು ಮಾಡಿದ್ರೆ ದೊಡ್ಡದಾಗೋದು ರು ಒಂದೇ, ಕೆಳಗೆ ಒತ್ತಿಲ್ಲ, ಚೆನ್ನಾಗಿ ಕೂರತ್ತೆ. ಅದೇ ಹೆಸರು ಹೆಡ್ಡಿಂಗ್‌ಗೆ ಹೋದ್ರೆ ಮಾತ್ರ ದ್ರ, ಟ್ಟ ಎರಡೂ ಕೆಳಗೆ ಇಳಿಯುತ್ವೆ, ಇಂಟ್ರೋ ಸ್ವಲ್ಪ ಕೆಳಗೆ ತಳ್ಳಬೇಕು.

ಇನ್ನು ಮಧ್ಯದ ಮಡಿಕೆ. ಒಂದ್ಸಲ ವೀಣೆ ನುಡಿಸ್ತಿರೋ ಫೋಟೋನ ಎರಡೂ ಪುಟಕ್ಕೆ ಹರಡಿಸಿ ಹಾಕಿದ್ದೆ, ಸ್ಕ್ರೀನಲ್ಲಿ ಎಷ್ಟ್ ಚೆಂದ ಇತ್ತು, ಪ್ರಿಂಟಾಗಿ ಬಂದಾಗ ತಂತಿಗಳು ಮಡಿಕೆ ಹತ್ರ ಒಂದೆರಡು ಮಿಲಿಮೀಟರ್ ಮೇಲೆಕೆಳಗಾಗಿ ಮುರಿದಂಗೆ ಕಾಣ್ತಿದ್ವು, ತುಂಬಾ ಬೇಜಾರಾಯ್ತು. ಆ ಎರಡು ಪುಟ ಬೇರೆಬೇರೆ ಹಾಳೇಲಿ ಅಚ್ಚಾಗಿದ್ವು. ಪಿನ್ ಹೊಡೆಯೋ ಪತ್ರಿಕೇಲಿ ನಟ್ಟನಡುವಿನ ಎರಡು ಪುಟ ಮಾತ್ರ ಒಂದೇ ಹಾಳೆ. ರುದ್ರಪಟ್ಟಣದಲ್ಲಿ ಗಾಯಕ ಆರ್.ಕೆ. ಪದ್ಮನಾಭ ಅವರು ಕಟ್ಟಿಸಿರೋ ತಂಬೂರಿ ಆಕಾರದ ಮಂದಿರ ಇದೆಯಲ್ಲ, ಅದರ ಫೋಟೋ ಎರಡು ಪುಟಕ್ಕೂ ಬೇಕು ಅಂದ್ರೆ ಆ ನಡುವಿನ ಪುಟಾನೇ ಕೇಳಿ ತಗೊಳ್ಳಿ, ಪಿನ್ ಬೀಳೋ ಜಾಗದಲ್ಲಿ ಯಾರ ಮುಖಾನೂ ಬರದಂಗೆ ನೋಡ್ಕೊಳ್ಳಿ.