ಮೆಸಾ ಆರ್ಚ್ ಕೆಂಪಾಗುವುದು ಹೇಗೆ: ಸೂರ್ಯೋದಯದಲ್ಲಿ ಬಂಡೆಗಳ ಛಾಯಾಗ್ರಹಣದ ಕುರಿತು ಅಧ್ಯಯನ ಟಿಪ್ಪಣಿ

ಅಮೆರಿಕದ ಯೂಟಾ ರಾಜ್ಯದ ಮೋಆಬ್ ಪಟ್ಟಣಕ್ಕೆ ಸಮೀಪದಲ್ಲಿ, 1964ರಲ್ಲಿ ಸ್ಥಾಪನೆಯಾದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿನ ‘ಐಲ್ಯಾಂಡ್ ಇನ್ ದ ಸ್ಕೈ’ ಪ್ರಸ್ಥಭೂಮಿಯ ಅಂಚಿನಲ್ಲಿ ನಿಂತಿರುವ ಮೆಸಾ ಆರ್ಚ್ ಎಂಬ ಮರಳುಗಲ್ಲಿನ ಕಮಾನು ಸೂರ್ಯೋದಯದ ಛಾಯಾಗ್ರಹಣವನ್ನು ಕಲಿಯಲು ಬಹಳ ಒಳ್ಳೆಯ ಉದಾಹರಣೆ. ಕ್ಯಾಮೆರಾ ಕಮಾನಿನ ಪಶ್ಚಿಮಕ್ಕಿರುತ್ತದೆ, ಸೂರ್ಯನು ಎದುರಿನಿಂದ ಮೂಡುತ್ತಾನೆ. ಹೀಗಿರುವಾಗ ನಮ್ಮ ಕಡೆಯ ಕಲ್ಲು ಕಪ್ಪಾಗಿಯೇ ಕಾಣಬೇಕು. ಆದರೆ ಕಮಾನಿನ ಕೆಳಮೈ ಕೆಂಡದಂತೆ ಹೊಳೆಯುತ್ತದೆ.

ಕಾರಣ ಕಮಾನಿನಲ್ಲಿಲ್ಲ, ಅದರ ಕೆಳಗಿನ ಪ್ರಪಾತದಲ್ಲಿದೆ. ಕಮಾನಿನ ಬುಡದಿಂದಲೇ ನೂರಾರು ಅಡಿ ಕೆಳಗಿಳಿಯುವ ಕಡಿದಾದ ಬಂಡೆಗೋಡೆಯು ಮೂಡಣಕ್ಕೆ ಮುಖ ಮಾಡಿರುವುದರಿಂದ, ಎಳೆಬಿಸಿಲು ಮೊದಲು ಆ ಗೋಡೆಯನ್ನು ನೇರವಾಗಿ ತಾಕಿ, ಅಲ್ಲಿಂದ ಮೇಲಕ್ಕೆ ಪ್ರತಿಫಲಿಸಿ ಕಮಾನಿನ ತಳವನ್ನು ಬೆಳಗುತ್ತದೆ. ಈ ಬೆಳಕು ಎರಡು ಸಲ ಕೆಂಪಾಗಿರುತ್ತದೆ: ದಿಗಂತದಲ್ಲಿರುವ ಸೂರ್ಯನ ಕಿರಣಗಳು ವಾತಾವರಣದ ದೀರ್ಘ ಹಾದಿಯನ್ನು ದಾಟುವಾಗ ನೀಲಿಯ ಬಹುಭಾಗ ಚದುರಿಹೋಗುತ್ತದೆ, ಉಳಿದುದರಲ್ಲಿ ಮತ್ತಷ್ಟು ನೀಲಿ ಮತ್ತು ಹಸಿರನ್ನು ಕಬ್ಬಿಣದ ಆಕ್ಸೈಡ್ ಬೆರೆತ ಮರಳುಗಲ್ಲು ಹೀರಿಕೊಳ್ಳುತ್ತದೆ. ಮರಳುಗಲ್ಲಿನ ಒರಟು ಮೈ ಬೆಳಕನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಕಳಿಸದೆ ಎಲ್ಲೆಡೆ ಹರಡುವುದರಿಂದ ಕಮಾನಿನ ಕೆಳಮೈಯಲ್ಲಿ ಗಡುಸಾದ ನೆರಳುಗಳು ಬೀಳುವುದಿಲ್ಲ.

ಹತ್ತಿರದಲ್ಲಿ ಇಂಥ ಗೋಡೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅರಿಜೋನಾ ಮತ್ತು ಯೂಟಾ ಗಡಿಯಲ್ಲಿ, ನವಾಹೊ ಜನರ ನೆಲದಲ್ಲಿರುವ ಮಾನ್ಯುಮೆಂಟ್ ವ್ಯಾಲಿಯಲ್ಲಿ ನೋಡಬಹುದು. ಸಂದರ್ಶಕ ಕೇಂದ್ರದ ಮುಂದೆ ನಿಂತು ಪೂರ್ವಕ್ಕೆ ನೋಡಿದರೆ, ಬಯಲಿನಲ್ಲಿ ಒಂಟಿಯಾಗಿ ನಿಂತ ‘ಮಿಟನ್’ (ಕೈಗವಸಿನ ಆಕಾರದ) ಬಂಡೆಗಳು ಸೂರ್ಯೋದಯದಲ್ಲಿ ಕಪ್ಪು ಆಕೃತಿಗಳಾಗಿಯೇ ಉಳಿಯುತ್ತವೆ. ಅವುಗಳ ಕೆಂಪು ಬಣ್ಣ ಬೇಕೆಂದರೆ ಅದೇ ಜಾಗಕ್ಕೆ ಸಂಜೆ ಹೋಗಬೇಕು. ಹೀಗಾಗಿ ಒಂದು ತಾಣವನ್ನು ಆರಿಸುವಾಗ ಸೂರ್ಯ ಎಲ್ಲಿ ಮೂಡುತ್ತಾನೆ ಎಂದು ಕೇಳಿದರೆ ಸಾಲದು. ಮೊದಲ ಬಿಸಿಲು ಯಾವ ಗೋಡೆಗೆ ಬಿದ್ದು ಯಾವ ಕಡೆಗೆ ತಿರುಗುತ್ತದೆ ಎಂದೂ ಕೇಳಬೇಕು.

ಸೂರ್ಯ ಮೂಡುವ ದಿಕ್ಕು ಸಹ ಸ್ಥಿರವಲ್ಲ. ಮೆಸಾ ಆರ್ಚ್ ಇರುವ ಸುಮಾರು 38 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಸೂರ್ಯನು ಜೂನ್ ತಿಂಗಳ ಕೊನೆಯ ಭಾಗದಲ್ಲಿ ನೇರ ಪೂರ್ವಕ್ಕಿಂತ ಸುಮಾರು 30 ಡಿಗ್ರಿ ಉತ್ತರಕ್ಕೂ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿದು ಮೂಡುತ್ತಾನೆ. ಆದ್ದರಿಂದ ಸೂರ್ಯಬಿಂಬವನ್ನು ಚೌಕಟ್ಟಿನಲ್ಲಿ ಎಲ್ಲಿರಿಸಬಹುದು ಎಂಬುದನ್ನು ಋತುವೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಪೂರ್ವ ದಿಗಂತದಲ್ಲಿ ಲಾ ಸಾಲ್ ಪರ್ವತಗಳು ಅಡ್ಡವಿರುವ ಕಡೆ, ಪಂಚಾಂಗದಂತಹ ಪಟ್ಟಿಗಳು ಹೇಳುವ ಸಮಯಕ್ಕಿಂತ ಸ್ವಲ್ಪ ತಡವಾಗಿ ಬಿಂಬ ಕಾಣಿಸುತ್ತದೆ.

ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣದ ವಿಷಯದಲ್ಲಿ ತೊಡಕು ಹೆಚ್ಚು. ಸೂರ್ಯನಿಗೂ ನೆರಳಿನ ಕಲ್ಲಿಗೂ ನಡುವಿನ ಬೆಳಕಿನ ಅಂತರವನ್ನು ಒಂದೇ ಚಿತ್ರ ಹಿಡಿಯಲಾರದು. ಆದ್ದರಿಂದ ಟ್ರೈಪಾಡ್ ಮೇಲೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ರಲ್ಲಿ, ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡುಪಟ್ಟು ಅಥವಾ ಅರ್ಧ) ಅಂತರದ ಮೂರು ಅಥವಾ ಐದು ಚಿತ್ರಗಳನ್ನು ರಾ (ಕ್ಯಾಮೆರಾ ಸಂಸ್ಕರಿಸದ) ಕಡತಗಳಾಗಿ ತೆಗೆದು ಆಮೇಲೆ ಬೆರೆಸುವುದು ರೂಢಿ. ಹೊಳೆಯುವ ಕೆಳಮೈಯಲ್ಲಿ ಕೆಂಪು ಬಣ್ಣವೇ ಮೊದಲು ಮಿತಿ ಮೀರುತ್ತದೆ. ಒಟ್ಟು ಹಿಸ್ಟೋಗ್ರಾಂ (ಚಿತ್ರದಲ್ಲಿ ಕಪ್ಪಿನಿಂದ ಬೆಳಕಿನವರೆಗಿನ ಹಂಚಿಕೆಯನ್ನು ಎಡದಿಂದ ಬಲಕ್ಕೆ ತೋರಿಸುವ ನಕ್ಷೆ) ಸರಿಯಿದ್ದಂತೆ ತೋರಿದರೂ ಕೆಂಪಿನ ಹಿಸ್ಟೋಗ್ರಾಂ ಬಲ ಅಂಚಿಗೆ ತಾಕಿದ್ದರೆ ಕಲ್ಲಿನ ಪದರಗಳೆಲ್ಲ ಕಳೆದುಹೋಗಿ ಬರಿಯ ಬಣ್ಣ ಉಳಿಯುತ್ತದೆ. ಆದ್ದರಿಂದ ಮೂರು ಬಣ್ಣಗಳನ್ನೂ ಬೇರೆಬೇರೆಯಾಗಿ ನೋಡುವುದು ಅಗತ್ಯ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣವನ್ನು ಸರಿಹೊಂದಿಸುವ ಆಯ್ಕೆ) ಅನ್ನು ‘ಆಟೋ’ದಲ್ಲಿಟ್ಟರೆ ಕ್ಯಾಮೆರಾ ಈ ಕೆಂಪನ್ನು ದೋಷವೆಂದು ತಿಳಿದು ತಣಿಸಲು ನೋಡುತ್ತದೆ. ಹಗಲಿನ ಸ್ಥಿರ ಮೌಲ್ಯವನ್ನು, ಅಂದರೆ ಸುಮಾರು 5,200ರಿಂದ 5,500 ಕೆಲ್ವಿನ್ ಅನ್ನು, ಇಟ್ಟುಕೊಂಡರೆ ಚಿತ್ರದಿಂದ ಚಿತ್ರಕ್ಕೆ ಬಣ್ಣ ಬದಲಾಗುವುದಿಲ್ಲ.

ಸೂರ್ಯನು ಕಮಾನಿನ ಅಂಚಿನಲ್ಲಿ ಅರ್ಧ ಮರೆಯಾಗಿದ್ದಾಗ ಎಫ್/16ರಲ್ಲಿ, ಅಂದರೆ ಲೆನ್ಸಿನ ದ್ವಾರವನ್ನು ಬಹಳ ಕಿರಿದಾಗಿಸಿದಾಗ, ನಕ್ಷತ್ರದಂತಹ ಕಿರಣಗಳು ಮೂಡುತ್ತವೆ. ಈ ಅವಕಾಶ ಕೆಲವೇ ನಿಮಿಷಗಳದು, ಮತ್ತು ನನ್ನ ಮಟ್ಟಿಗೆ ಅದಕ್ಕೆ ಸಿಗುವ ಪ್ರಾಮುಖ್ಯ ಅತಿಯಾಯಿತು. ಪ್ರತಿಫಲಿತ ಬೆಳಕು ಅದಕ್ಕಿಂತ ಬಹಳ ಹೊತ್ತು ಉಳಿಯುತ್ತದೆ. ಸೂರ್ಯ ಚೌಕಟ್ಟಿನಿಂದ ಹೊರಬಿದ್ದ ಮೇಲೆ ಲೆನ್ಸಿನೊಳಗಿನ ಮಿನುಗು ಕಡಿಮೆಯಾಗಿ, ದೂರದ ವಾಷರ್ ವುಮನ್ ಬಂಡೆಯೂ ಕಣಿವೆಯ ಪದರಗಳೂ ಇನ್ನಷ್ಟು ಸ್ಪಷ್ಟವಾಗುತ್ತವೆ.

ಕಮಾನಿನ ಮೇಲೆ ಹತ್ತುವುದು ನಿಷಿದ್ಧ. ದಾರಿಯ ಪಕ್ಕದಲ್ಲಿ ಕಪ್ಪಗೆ ಉಬ್ಬಿರುವ ಮಣ್ಣು ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು ಮತ್ತು ಹಾವಸೆಗಳು ಕೂಡಿ ಕಟ್ಟಿದ ಜೀವಂತ ಪದರ. ಒಂದು ಹೆಜ್ಜೆಗೆ ಪುಡಿಯಾದುದು ಚೇತರಿಸಲು ಹಲವು ವರ್ಷಗಳು ಬೇಕಾಗುವುದರಿಂದ, ಕತ್ತಲಲ್ಲಿ ಬರುವಾಗ ತಲೆದೀಪ ಹಚ್ಚಿಕೊಂಡು ದಾರಿಯಲ್ಲೇ ನಡೆಯಬೇಕು.

ಯೂಟಾಕ್ಕೆ ಹೋಗುವ ಮುನ್ನ ಅಭ್ಯಾಸ ಮಾಡಬಯಸುವವರಿಗೆ ಬಾದಾಮಿ ಇದೆ. ಅದು ಮರುಭೂಮಿಯಲ್ಲ, ಆದರೆ ಕಲ್ಲು ಕೆಂಪು ಮರಳುಗಲ್ಲೇ. ಉತ್ತರದ ಕೋಟೆಗೆ ಏರುವ ದಾರಿಯಲ್ಲಿ ಎತ್ತರದ ಬಂಡೆಗಳ ನಡುವಿನ ಇಕ್ಕಟ್ಟಾದ ಓಣಿಗಳಿವೆ. ಒಂದು ಬದಿಯ ಗೋಡೆಗೆ ಬಿಸಿಲು ಬಿದ್ದಾಗ ಎದುರಿನ ನೆರಳುಗೋಡೆಯ ಬಣ್ಣವನ್ನು ಅಳೆದು, ಅದನ್ನು ಬಯಲಿನಲ್ಲಿ ನೆರಳಾಗಿರುವ ಬಂಡೆಯ ಬಣ್ಣದೊಂದಿಗೆ ಹೋಲಿಸಿದರೆ ಮೇಲೆ ವಿವರಿಸಿದ ವ್ಯತ್ಯಾಸ ಅಲ್ಲಿಯೇ ದೊರೆಯುತ್ತದೆ.